ಕೌದಿ ಹಿಮ್ಮಡಿಯ ಕೆಳಗೆ

ಮೇಜಿನ ಮೇಲೆ ಕಾಲು ನೇರವಾಗಿತ್ತು. ಇದೊಂದನ್ನು ನಾನು ಆಣೆ ಮಾಡಿ ಹೇಳಬಲ್ಲೆ. ಮೂಳೆಗೆ ಕೃತಕ ಕೀಲು ಅಂಟಿಸುವ ಸಿಮೆಂಟು ಗಟ್ಟಿಯಾಗುವವರೆಗೆ ಆ ಹಿಮ್ಮಡಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತವಳು ನಾನೇ. ಸವೆದ ಮೂಳೆಯ ತುದಿಗಳನ್ನು ಅಳತೆಯ ಚೌಕಟ್ಟಿಟ್ಟು ಕೊಯ್ದಾಗಿತ್ತು. ತೊಡೆಮೂಳೆಗೆ ಲೋಹದ ಟೊಪ್ಪಿಗೆ, ಕೆಳಗಿನ ಮೂಳೆಗೆ ಲೋಹದ ತಟ್ಟೆ, ಎರಡರ ನಡುವೆ ಪ್ಲಾಸ್ಟಿಕ್ ಬಿಲ್ಲೆ ಕೂಡಿಸಿಯಾಗಿತ್ತು. ಇನ್ನು ಕಾಲನ್ನು ನೇರ ಚಾಚಿ ಒತ್ತಿ ಹಿಡಿಯಬೇಕು. ಸಿಮೆಂಟಿನ ಘಾಟು ಮಾಸ್ಕಿನೊಳಗೂ ನುಗ್ಗುತ್ತದೆ. ಮಿಕ್ಕ ಸಿಮೆಂಟಿನ ಒಂದು ಸಣ್ಣ ಉಂಡೆಯನ್ನು ಆಪರೇಷನ್ ಮಾಡುತ್ತಿದ್ದ ನನ್ನ ಗುರುಗಳು ಬೆರಳಲ್ಲಿ ಹೊರಳಿಸುತ್ತಿದ್ದರು. ಹೊರಗಿನ ಉಂಡೆ ಬಿಸಿಯಾಗಿ ಕಲ್ಲಾದರೆ ಒಳಗಿನದೂ ಕಲ್ಲಾಯಿತು ಎಂದು ಲೆಕ್ಕ. ಗುರುಗಳು ಬಾಗಿ, ಒಂದು ಕಣ್ಣು ಮುಚ್ಚಿ ನೋಡಿ, "ಸೀದಾ ಐತಿ" ಎಂದರು.

ಉಳಿದದ್ದು ನೆನಪು. ನೆನಪನ್ನು ನಾನು ಅಷ್ಟಾಗಿ ನಂಬುವವಳಲ್ಲ. ಇದನ್ನು ಎಷ್ಟೋ ಸಲ ಹೇಳಿದ್ದೇನೆ. ಹೇಳಿದಾಗಲೆಲ್ಲ ಅದರ ಏಣುಗಳು ಸವೆದಿವೆ, ನಾನು ಸ್ವಲ್ಪ ಸ್ವಲ್ಪ ಜಾಣೆಯಾಗುತ್ತ ಬಂದಿದ್ದೇನೆ. ಹಾಗಾಗಿ ಎಲ್ಲಿ ಸಂಶಯವಿದೆಯೋ ಅಲ್ಲಿ ಸಂಶಯವನ್ನೇ ಬರೆಯುತ್ತೇನೆ.

ಆ ಕಾಲು ಕಾಗವಾಡದ ಒಬ್ಬ ಹಿರಿಯಳದು. ದ್ರಾಕ್ಷಿ ಬೆಳೆಯುವ ಮನೆತನ. ಮೂವರು ಗಂಡುಮಕ್ಕಳು, ಮೂವರು ಸೊಸೆಯಂದಿರು. ವಾರ್ಡಿನಲ್ಲಿ ಎಲ್ಲರಿಗೂ ಆಕೆ ಅವ್ವ. ಎರಡೂ ಮೊಣಕಾಲು ಸವೆದು ಬಿಲ್ಲಿನಂತೆ ಹೊರಬಾಗಿದ್ದವು. ಮಳೆಗಾಲದ ಆರಂಭದಲ್ಲಿ ಬಲಗಾಲು, ದೀಪಾವಳಿ ಆದ ಮೇಲೆ ಎಡಗಾಲು ಎಂದು ಮಾತಾಗಿತ್ತು. ಆಕೆಗೆ ಒಂದೇ ಗಡುವು: ಏಪ್ರಿಲ್ ಚಾಟ್ನಿ. ಹಣ್ಣು ಇಳಿಸಿದ ಮೇಲೆ ದ್ರಾಕ್ಷಿ ಬಳ್ಳಿಯನ್ನು ಕತ್ತರಿಸುವ ಕೆಲಸಕ್ಕೆ ಅಲ್ಲಿ ಚಾಟ್ನಿ ಎನ್ನುತ್ತಾರೆ. ಆ ಹೊತ್ತಿಗೆ ತಾನು ತನ್ನ ಕಾಲ ಮೇಲೆ ಪಡದೊಳಗೆ, ಅಂದರೆ ದ್ರಾಕ್ಷಿ ತೋಟದೊಳಗೆ, ಅಡ್ಡಾಡಬೇಕು.

"ಎರಡ ವರ್ಷ ಆತು ಡಾಕ್ಟರಬಾಯಿ, ದಂಡ್ಯಾಗ ಖುರ್ಚಿ ಹಾಕಿ ಕುಂದ್ರಸ್ತಾರ," ಎಂದು ಆಪರೇಷನ್ನಿನ ಹಿಂದಿನ ದಿನ ನನಗೆ ಹೇಳಿದಳು. "ಅಲ್ಲಿಂದ ಒದರಿದ್ರ ಯಾರಿಗಿ ಕೇಳಸ್ತೈತಿ? ಕೇಳಿಸಿದ್ರೂ ಕೇಳಸಲಾರದಂಗ ಮಾಡ್ತಾರ ಖೋಡಿಗೋಳು."

ನಾನಾಗ ಮೂಳೆ ಶಸ್ತ್ರಚಿಕಿತ್ಸೆ ಕಲಿಯುತ್ತಿದ್ದ ಸ್ನಾತಕೋತ್ತರ ವಿದ್ಯಾರ್ಥಿನಿ. ಮೊಣಕಾಲಿನ ಕೀಲು ಬದಲಿಸಿದ ಮೇಲೆ ಬರುವ ಫಲಿತಾಂಶದ ಮೇಲೆ ಏನೇನು ಪರಿಣಾಮ ಬೀರುತ್ತದೆ ಎನ್ನುವುದು ನನ್ನ ಪ್ರಬಂಧದ ವಿಷಯ. ಒಂದೇ ಕೈ ಮಾಡಿದ ಆಪರೇಷನ್, ಒಂದೇ ಮಾದರಿಯ ಕೀಲು, ಒಂದೇ ಮೇಜು. ಆದರೂ ಒಬ್ಬರು ಬಸ್ಸು ಹತ್ತಿ ಇಳಿದು ನಗುತ್ತ ಬರುತ್ತಾರೆ, ಇನ್ನೊಬ್ಬರು ಬಾಗಿದ ಕಾಲು ಎಳೆಯುತ್ತ ಬರುತ್ತಾರೆ. ಯಾಕೆ? ದೇಹದ ತೂಕ, ಸಕ್ಕರೆ ಕಾಯಿಲೆ, ಆಪರೇಷನ್ನಿಗೆ ಮೊದಲೇ ಇದ್ದ ಸೊಟ್ಟು, ತೊಡೆಯ ಸ್ನಾಯುವಿನ ಬಲ, ಕೀಲು ಕೂತ ಕೋನ. ಇವು ನನ್ನ ಸಂಶಯದ ಪಟ್ಟಿಯಲ್ಲಿದ್ದವು. ನಾನು ಚಿಕ್ಕೋಡಿಯವಳು ಎಂಬ ಕಾರಣಕ್ಕೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆಯ ರೋಗಿಗಳೆಲ್ಲ ನನ್ನ ಪಾಲಿಗೆ ಬಂದರು. ಆ ಕಡೆಯ ಮಾತು ನನಗೆ ತಿಳಿಯುತ್ತದೆ, ಮರಾಠಿ ಬೆರೆತರೂ ನಡೆಯುತ್ತದೆ ಎಂದು ಗುರುಗಳ ಎಣಿಕೆ.

ಮಾತು ತಿಳಿಯುವುದು ಬೇರೆ, ಉತ್ತರ ಸಿಗುವುದು ಬೇರೆ. ನಮ್ಮಲ್ಲೊಂದು ಪ್ರಶ್ನಾವಳಿ ಇತ್ತು. ನಿಪ್ಪಾಣಿಯಿಂದ ಬಂದ, ಬೀಡಿ ಕಟ್ಟುವ ಹೆಂಗಸಿಗೆ ಅದನ್ನು ಓದಿ ಹೇಳಿದೆ.

"ನೋವು ಹೆಂಗ ಐತ್ರಿ?"

"ಆರಾಮ ಐತ್ರಿ."

"ಮೆಟ್ಟಿಲ?"

"ಆರಾಮ."

"ಒಬ್ಬರ ಹೋಗಿ ಸಾಮಾನು ತರತೀರಿ?"

"ಸಂತಿಗೆ ಗಂಡಸ್ರು ಹೊಕ್ಕಾರ್ರಿ."

"ಕಾರಿನಿಂದ ಇಳಿಯುವಾಗ ತ್ರಾಸ ಆಗತೈತೇನು?"

ಆಕೆ ನನ್ನನ್ನು ಕನಿಕರದಿಂದ ನೋಡಿದಳು. "ಕಾರ್ ತಗೊಂಡ ಮ್ಯಾಲ ಬಂದ ಹೇಳ್ತೀನ್ರಿ."

ಹೊರಗೆ ಹೋಗುವಾಗ ಬಾಗಿಲಲ್ಲಿ ತಿರುಗಿ ಕೇಳಿದಳು, "ಕಾಲ ಮಡಚಿ ಕುಂತು ಬೀಡಿ ಕಟ್ಟಾಕ ಬರತೈತೇನು ಅಂತ ಯಾಕ ಕೇಳಲಿಲ್ರಿ? ಅದಷ್ಟ ಬರವಲ್ದು." ಆ ಪ್ರಶ್ನೆ ನಮ್ಮ ಕಾಗದದಲ್ಲಿ ಇರಲಿಲ್ಲ. ಅವತ್ತೇ ನಾನು ಕಾಗದದ ಆಚೆಗೆ ನೋಡಲು ತೊಡಗಿದೆ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ನಿಜವಾಗಿ ನಾನು ನಕ್ಕು, ಮುಂದಿನವರನ್ನು ಕರೆದೆ.

ಗಣೇಶ ಹಬ್ಬದ ನಂತರ ಕಾಗವಾಡದ ಅವ್ವ ತಪಾಸಣೆಗೆ ಬಂದಳು. ದೊಡ್ಡ ಮಗ ತೋಳು ಹಿಡಿದಿದ್ದ. ಬಲಗಾಲು ಮಂಡಿಯಲ್ಲಿ ಬಾಗಿತ್ತು. ಹೆಜ್ಜೆ ಇಟ್ಟಾಗಲೂ ಬಾಗಿಯೇ ಇತ್ತು, ಮಲಗಿಸಿದಾಗಲೂ. ಗುರುಗಳು ಮೇಲಿನಿಂದ ಒತ್ತಿದರು. ಕಾಲು ಇಳಿಯಲಿಲ್ಲ, ಅವ್ವ ಹಲ್ಲು ಕಚ್ಚಿದಳು. ಕೋನ ಅಳೆಯುವ ಗೋನಿಯೋಮೀಟರನ್ನು ನಾನು ಎರಡು ಸಲ ಇಟ್ಟು ನೋಡಿದೆ. ಹೀಗೆ ಬಾಗಿದ ಕಾಲಿನ ಮೇಲೆ ನಿಂತರೆ ತೊಡೆಯ ಸ್ನಾಯು ಒಂದು ಗಳಿಗೆಯೂ ಬಿಡುವಿಲ್ಲದೆ ದುಡಿಯಬೇಕಾಗುತ್ತದೆ. ಹತ್ತು ಹೆಜ್ಜೆಗೆ ದಣಿವು.

"ಏನವಾ, ಮ್ಯಾಜಿನ ಮ್ಯಾಲ ಸೀದಾ ಇತ್ತೋ ಇಲ್ಲೋ?" ಗುರುಗಳು ನನ್ನನ್ನು ಕೇಳಿದರು.

"ಇತ್ರಿ ಸರ್. ನಾನ ಹಿಡಿದಿದ್ದೆ."

"ಮತ್ತ ಇದ್ಯಾರ ಕಾಲು?"

ಅವರು ಅವ್ವನ ಕಡೆ ತಿರುಗಿ, ಈ ಕಾಲು ಯಾಕೆ ಹೀಗಾಯಿತು ಎಂದು ತಿಳಿಯುವ ತನಕ ಎಡಗಾಲು ಮುಟ್ಟುವುದಿಲ್ಲ ಎಂದರು.

"ಹಂಗಾರ ಏಪ್ರಿಲ್ ಚಾಟ್ನಿ?" ಎಂದಳು ಅವ್ವ. ಮಗ, "ಖುರ್ಚಿ ಐತೆಲ್ಲಬೇ" ಎಂದ. ಆಕೆ ಅವನನ್ನು ನೋಡಿದ ನೋಟ ನನಗಿನ್ನೂ ಕಣ್ಣಿಗೆ ಕಟ್ಟಿದೆ. ಇದರಲ್ಲಿ ಸಂಶಯವಿಲ್ಲ.

ಮೊದಲು ಎಕ್ಸ್‌ರೇ ತೆಗೆಸಿದೆ. ತೊಡೆಮೂಳೆ ಕಡಿಮೆ ಕೊಯ್ದಿದ್ದರೆ ಕಾಲು ಹೀಗೆ ನೇರವಾಗದೆ ಉಳಿಯಬಹುದು. ಅಳೆದೆ. ಕೊಯ್ದದ್ದು ಸರಿಯಿತ್ತು. ಕೀಲು ಕೂತ ಕೋನ ನಮ್ಮ ಎಲ್ಲ ರೋಗಿಗಳ ಪೈಕಿ ತೋರಿಸಿ ಕಲಿಸುವಷ್ಟು ಚೆನ್ನಾಗಿತ್ತು. ಸೋಂಕಿನ ಪರೀಕ್ಷೆಯಲ್ಲೂ ಏನೂ ಸಿಗಲಿಲ್ಲ. ನಂತರ ಅದೇ ರೀತಿ ಕಾಲು ಬಾಗಿ ಉಳಿದವರನ್ನೆಲ್ಲ ಬೇರೆ ತೆಗೆದು, ನನ್ನ ಪಟ್ಟಿಯ ಒಂದೊಂದೇ ಕಾರಣವನ್ನು ಅವರಿಗೆ ಹಚ್ಚಿ ನೋಡಿದೆ. ತೂಕ ಹೊಂದಲಿಲ್ಲ. ಸಕ್ಕರೆ ಹೊಂದಲಿಲ್ಲ. ಹೊಂದಿದ್ದು ಒಂದೇ, ಅದೂ ತಲೆಕೆಳಗಾಗಿ: ಮನೆಯಲ್ಲಿ ನೋಡಿಕೊಳ್ಳುವವರು ಎಷ್ಟು ಜನ ಎಂಬ ಪ್ರಶ್ನೆ. ನೋಡಿಕೊಳ್ಳುವವರು ಹೆಚ್ಚಿದ್ದರೆ ಚೇತರಿಕೆ ಒಳ್ಳೆಯದು ಎಂದುಕೊಂಡು ಅದನ್ನು ಸೇರಿಸಿದ್ದೆ. ಇಲ್ಲಿ ತುಂಬಿದ ಮನೆಯವರ ಕಾಲೇ ಹೆಚ್ಚು ಬಾಗಿತ್ತು. ಎರಡು ಕಾಲಂ ಅದಲುಬದಲು ತುಂಬಿದ್ದೇನೆ ಎಂದುಕೊಂಡು ಮೊದಲಿನಿಂದ ತುಂಬಿದೆ. ಮತ್ತೆ ಅದೇ ಬಂತು.

ಗುರುಗಳಿಗೆ ತೋರಿಸಿದೆ. ಮನೆಗಳಿಗೆ ಹೋಗಿ ನೋಡಬೇಕು ಎಂದೆ.

"ನೀ ಸರ್ಜನ್ ಆಗಾಕ ಬಂದೀಯೋ, ಮನಿ ಮನಿ ಅಡ್ಡಾಡಾಕ ಬಂದೀಯೋ?" ಎಂದರು. "ಪ್ರಬಂಧ ಕೊಡೂದು ಮುಂದ ಬಂದೈತಿ. ತೂಕದ ಮ್ಯಾಲ ನಾಕ ಮಾತ ಬರದು ಮುಗಸು."

ಮುಗಿಸಬಹುದಿತ್ತು. ತೂಕದ ಮೇಲೆ ನಾಲ್ಕು ಮಾತು ಬರೆದು ಪಾಸಾದವರು ಬಹಳ ಜನ. ಆದರೆ ಹಾಗೆ ಬರೆದಿದ್ದರೆ ಅವ್ವನ ಎಡಗಾಲು ಹಾಗೆಯೇ ಉಳಿಯುತ್ತಿತ್ತು. ಭಾನುವಾರದ ರಜೆ ನನ್ನದು ಎಂದೆ. ಅವರು ಕೈ ಬೀಸಿದರು. ಆ ಕೈ ಬೀಸಿದ್ದನ್ನು ಅನುಮತಿ ಎಂದು ಓದಿಕೊಂಡದ್ದು ನಾನು ಜೀವನದಲ್ಲಿ ಮಾಡಿದ ಒಳ್ಳೆಯ ತಪ್ಪು ಓದುಗಳಲ್ಲೊಂದು.

ಮಹಾನವಮಿ ಮುಗಿದ ಮೇಲಿನ ಭಾನುವಾರ ಮೊದಲು ಇಳಿದದ್ದು ರಾಯಬಾಗದಲ್ಲಿ. ಅಲ್ಲಿ ಅಂಚೆ ಇಲಾಖೆಯ ನೌಕರಿಯಲ್ಲಿದ್ದ ಒಬ್ಬ ಬೌದ್ಧ ಮಹಿಳೆ. ಗಂಡ ಹೆಂಡತಿ ಇಬ್ಬರೇ ಇರುವ ಮನೆ. ಗೋಡೆಯ ಮೇಲೆ ಬುದ್ಧನ ಪಟ, ಕೆಳಗೆ ಆಕೆಯ ವಾಕರ್ ಬಟ್ಟೆ ಒಣಗಿಸುವ ಕೆಲಸಕ್ಕೆ ಬಡ್ತಿ ಪಡೆದಿತ್ತು. ಕಾಲು ಕಡ್ಡಿಯಂತೆ ನೇರ.

"ಆಪರೇಷನ್ ಆದ ಮ್ಯಾಲ ಯಾರ್ ನೋಡಕೊಂಡ್ರಿ?" ಎಂದೆ.

"ಇವರೇ," ಎಂದು ಗಂಡನ ಕಡೆ ಕೈ ಮಾಡಿದರು. "ನೋಡಕೊಂಡ್ರು. ಬರೇ ನೋಡಕೊಂತ ಕುಂತ್ರು. ಇವರ ಮಾಡಿದ ಚಾ ಒಂದಿನ ಕುಡದ್ನಿ. ಮರುದಿನ ನಾನ ಎದ್ದು ಒಲಿ ಹಚ್ಚಿದ್ನಿ."

"ಅದಕ್ಕ ಕಾಲ ಸೀದಾ ಆಗೇತಿ ನೋಡ್ರಿ," ಗಂಡ ನೊಂದುಕೊಳ್ಳದೆ ಹೇಳಿದರು. "ಔಷಧ ಇದ್ದಂಗ ಐತಿ ನನ್ನ ಚಾ."

ನಾನು ನಕ್ಕೆ. ಹಾರೂಗೇರಿಯಲ್ಲಿ ಬಸ್ಸು ಬದಲಿಸಿ, ಕೃಷ್ಣೆ ದಾಟಿ, ಅಥಣಿ ಮೇಲೆ ಕಾಗವಾಡಕ್ಕೆ ಹೋದೆ.

ಅವ್ವನ ಮನೆಯಲ್ಲಿ ನನ್ನನ್ನು ನಡುಮನೆ ದಾಟಿಸಿ ಒಳಕೋಣೆಗೆ ಕರೆದೊಯ್ದರು. ಗಂಡು ಡಾಕ್ಟರಾಗಿದ್ದರೆ ಅವ್ವನನ್ನೇ ಹೊರಗೆ ಕರೆತಂದು ಖುರ್ಚಿಯಲ್ಲಿ ಕೂರಿಸುತ್ತಿದ್ದರು, ಆ ಕೋಣೆಯನ್ನು ಯಾರೂ ನೋಡುತ್ತಿರಲಿಲ್ಲ. ಅಜಿವಾನದ, ಅಂದರೆ ಓಮಕಾಳಿನ, ಹೊಗೆ ಮೊದಲು ಮೂಗಿಗೆ ಬಡಿಯಿತೋ, ಕೌದಿ ಮೊದಲು ಕಣ್ಣಿಗೆ ಬಿತ್ತೋ ಹೇಳಲಾರೆ. ಸೆಮಿನಾರುಗಳಲ್ಲಿ ಎರಡೂ ರೀತಿ ಹೇಳಿದ್ದೇನೆ, ಸಭೆ ಎರಡಕ್ಕೂ ತಲೆದೂಗಿದೆ. ಇದ್ದದ್ದು ಇಷ್ಟು: ಕಿಟಕಿ ಮುಚ್ಚಿದ ಕೋಣೆ. ನಡುವೆ ಜೋತುಬಿದ್ದ ಹಗ್ಗದ ಹೊರಸು. ಅದರ ಕೆಳಗೆ ಕೆಂಡದ ಅಗ್ಗಿಷ್ಟಿಗೆ. ಹೊರಸಿನ ಮೇಲೆ ಅವ್ವ, ಕಿವಿ ಮುಚ್ಚಿ ತಲೆಗೆ ಅರಿವೆ ಸುತ್ತಿಕೊಂಡು. ಬಲ ಮೊಣಕಾಲಿನ ಕೆಳಗೆ ದಪ್ಪಗೆ ಸುತ್ತಿದ ಕೌದಿ.

ಚಿಕ್ಕೋಡಿಯಲ್ಲಿ ಬೆಳೆದ ಯಾವ ಹೆಣ್ಣಿಗೂ ಇದೇನೆಂದು ಹೇಳಿಕೊಡಬೇಕಾಗಿಲ್ಲ. ಇದು ಬಾಣಂತಿಯ ಕೋಣೆ.

"ಇದೇನವ್ವಾ, ಕಿವಿ ಕಟ್ಟಕೊಂಡೀರಿ?"

"ಗಾಳಿ ಹೊಕ್ಕೊಂತೈತಂತ," ಅವ್ವ ಹಿರೇಸೊಸೆಯ ಕಡೆ ಗದ್ದ ಎತ್ತಿದಳು. "ಇಕಿ ನಮ್ಮ ಡಾಕ್ಟರು. ಮೂರ ಮಕ್ಕಳ ಹಡದಾಗ ನನಗ ಇಷ್ಟ ಬಾಣಂತನ ಆಗಿರಲಿಲ್ಲ. ಈಗ ಏನ್ ಹಡದೀನೋ ಯಾಂಬಾಲ."

"ಮೊಳಕಾಲ ಹಡದೀರಿ," ಎಂದಳು ಹಿರೇಸೊಸೆ. "ಕಬ್ಬಣದ್ದು."

ಇಬ್ಬರೂ ನಕ್ಕರು. ನನ್ನ ಕೈಗೆ ಅಂಟಿನುಂಡಿ ಬಂತು, ಬಾಣಂತಿಗೆ ಕಟ್ಟುವ ಉಂಡಿ. ಹಿರೇಸೊಸೆ ಹೊರಸಿನ ಅಂಚಿಗೆ ಕೂತು ಹೇಳಿದಳು, "ನನ್ನವ್ವ ನಾ ಸಣ್ಣಾಕಿದ್ದಾಗ ಸತ್ತಳ್ರಿ. ಎರಡೂ ಬಾಣಂತನ ಅತ್ತ್ಯಾರ ಮಾಡ್ಯಾರ. ನೆಲಕ್ಕ ಕಾಲ ಹಚ್ಚಗೊಡಲಿಲ್ಲ. ಈಗ ನನ್ನ ಪಾಳಿ."

"ಕೌದಿ ಯಾಕ ಇಟ್ಟೀರಿ?"

"ಬುಡಕ ಏನರ ಇಟ್ರ ನೋವು ಕಡಿಮಿ ಅಂತಾರ್ರಿ."

"ಮೊಳಕಾಲ ಕೆಳಗ ದಿಂಬು ಇಡಬಾರದು ಅಂತ ದವಾಖಾನ್ಯಾಗ ಹೇಳಿದ್ರೆಲ್ಲ?"

"ನಮ್ಮ ಮನಿಯವರು ಬಂದ ಹೇಳಿದ್ರು. ಬರೋಬರಿ ಐತ್ರಿ ಅದು. ತಲಿಗೆ ಇಡೂ ದಿಂಬ ಕಾಲಿಗೆ ಹೆಂಗ ಇಡೂದು? ಪಾಪ ಹತ್ತತೈತಿ. ಅದಕ್ಕ ಕೌದಿ ಇಟ್ಟೇವಿ. ಹೊಸಾದು. ನಾನ ಹೊಲದಿದ್ದು."

ಕೌದಿಯ ಹೊಲಿಗೆ ನೋಡಿದೆ. ಹಳೆ ಸೀರೆಗಳ ತುಂಡು, ಒಂದಕ್ಕೊಂದು ಹೊಂದಿಸಿ, ಸಾಲು ಸಾಲು ಸಣ್ಣ ಹೊಲಿಗೆ. ದಿಂಬು ಬೇಡ ಎಂದು ನಾವು ಹೇಳಿದ್ದನ್ನು ಆ ಮನೆ ಅಕ್ಷರಶಃ ಪಾಲಿಸಿತ್ತು. ಕೇಳಿದವನು ಮಗ, ಮಾಡಿದವಳು ಸೊಸೆ. ಆಕೆ ಒಂದು ದಿನವೂ ವಾರ್ಡಿಗೆ ಬಂದಿರಲಿಲ್ಲ.

ಹೊರಸಿನ ಮೇಲೆ ಒಂದು ಹಲಗೆ ಹಾಕಿಸಿ, ಅವ್ವನ ಕಾಲನ್ನು ಅದರ ಮೇಲೆ ಚಾಚಿದೆ. ಮೊಣಕಾಲಿನ ಕೆಳಗೆ ನನ್ನ ಮುಷ್ಟಿ ಸಲೀಸಾಗಿ ಹೋಗುತ್ತಿತ್ತು. ಆಪರೇಷನ್ನಿನ ನಂತರ ಕೀಲಿನ ಹಿಂದಿನ ಪದರಗಳು ಗಾಯ ಮಾಯುತ್ತ ಬಿಗಿಯುತ್ತವೆ. ಆಗ ಕಾಲನ್ನು ಯಾವ ಆಕಾರದಲ್ಲಿ ಇಡುತ್ತೇವೋ ಆ ಆಕಾರದಲ್ಲೇ ಬಿಗಿಯುತ್ತವೆ. ಕೌದಿ ಮೊಣಕಾಲನ್ನು ಎತ್ತಿತ್ತು, ಜೋತುಬಿದ್ದ ಹೊರಸು ಅದಕ್ಕೆ ಕೈ ಜೋಡಿಸಿತ್ತು. ಅವ್ವ ಎದ್ದು ಓಡಾಡಿದ್ದರೂ ಅಷ್ಟಿಷ್ಟು ಬಿಚ್ಚುತ್ತಿತ್ತು. ಬಾಣಂತಿ ಓಡಾಡುವುದುಂಟೆ?

ಇದನ್ನು ನಾನು ಆದಷ್ಟು ಮೆಲ್ಲಗೆ ವಿವರಿಸಿದೆ. ಹಿರೇಸೊಸೆಯ ಕೈ ಕೌದಿಯ ಮೇಲೆಯೇ ಇತ್ತು.

"ಹಂಗಾರ ನಾನ ಹಾಳ ಮಾಡಿದ್ನೇನ್ರಿ?"

ಇದಕ್ಕೆ ಸಿಕ್ಕ ಉತ್ತರ ನನಗೆ ಎರಡು ರೀತಿ ನೆನಪಿದೆ. ಒಂದರಲ್ಲಿ ನಾನು ಆಕೆಯ ಕೈ ಹಿಡಿದು, ನಿನ್ನ ಸೇವೆ ತಪ್ಪಲ್ಲ, ಕೌದಿಯ ಜಾಗ ಮಾತ್ರ ತಪ್ಪು ಎನ್ನುತ್ತೇನೆ. ಇನ್ನೊಂದರಲ್ಲಿ ನನ್ನ ಬಾಯಲ್ಲಿ ಅಂಟಿನುಂಡಿ, ಮಾತೇ ಹೊರಡುವುದಿಲ್ಲ, ಅವ್ವನೇ ಹೇಳುತ್ತಾಳೆ: "ಹಾಳೇನ್ ಮಾಡ್ತೀಬೇ, ಮಗ್ಗಲಾಗ ಕುಂತ ಕಾದೀ. ಇನ್ನೊಂದ ಕಾಲ ಐತೆಲ್ಲ, ಅದಕ್ಕ ಬರೋಬರ್ ಮಾಡಂತಿ." ನಾನು ನಂಬುವುದು ಎರಡನೆಯದನ್ನು. ಅದರಲ್ಲಿ ನಾನು ಜಾಣೆಯಾಗಿ ಕಾಣುವುದಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಅವ್ವನ ಆ ಮಾತೇ ತಲೆಯಲ್ಲಿ ಸುತ್ತುತ್ತಿತ್ತು. ಬಾಣಂತನ ಬಿಡಿ ಎಂದು ಹೇಳಿದರೆ ಆ ಮನೆ ಕೇಳುವುದಿಲ್ಲ. ಕೇಳಿದರೂ ಸೊಸೆಗೆ ಅತ್ತೆಯ ಋಣ ತೀರಿಸುವ ದಾರಿ ಇರುವುದಿಲ್ಲ. ಬಾಣಂತನವನ್ನೇ ಮೊಣಕಾಲಿಗೆ ತಕ್ಕಂತೆ ಕಲಿಸಿದರೆ? ಅದೇ ಕೋಣೆ, ಅದೇ ಉಂಡಿ, ಅದೇ ಕೌದಿ. ಹೊರಸಿಗೆ ಬದಲು ಹಲಗೆಯ ಮಂಚ, ಕೌದಿ ಮಾತ್ರ ಹಿಮ್ಮಡಿಯ ಕೆಳಗೆ. ಹಿಮ್ಮಡಿ ಎತ್ತರದಲ್ಲಿದ್ದರೆ ಮೊಣಕಾಲು ತನ್ನ ಭಾರಕ್ಕೆ ತಾನೇ ಕೆಳಗಿಳಿಯುತ್ತದೆ.

ಮುಂದಿನ ಭಾನುವಾರಗಳಲ್ಲಿ ಉಳಿದ ಮನೆಗಳಿಗೂ ಹೋದೆ. ಮಲಗಿದ್ದು ಯಾವುದರ ಮೇಲೆ, ಮೊಣಕಾಲ ಕೆಳಗೆ ಏನಿತ್ತು, ಎದ್ದು ಓಡಾಡಿದ್ದು ಯಾವಾಗಿನಿಂದ ಎಂದು ಕೇಳಿದೆ, ಕಾಲು ಅಳೆದೆ. ಕಬ್ಬಿನ ಮನೆಗಳಲ್ಲೂ ದ್ರಾಕ್ಷಿಯ ಮನೆಗಳಲ್ಲೂ ಕೌದಿಯನ್ನೋ ಮಡಚಿದ ಕಂಬಳಿಯನ್ನೋ ಮತ್ತೆ ಮತ್ತೆ ಕಂಡೆ. ತೆಲಸಂಗದ ಒಬ್ಬ ಕೂಲಿಕಾರನ ಕಾಲು ನೇರವಿತ್ತು. ಮನೆಯಲ್ಲಿ ಶೌಚಾಲಯ ಇರಲಿಲ್ಲ. ವಾಕರ್ ಹಿಡಿದು ದಿನಾ ಹೊಲದ ತನಕ ಹೋಗಲೇಬೇಕಿತ್ತು. ಕಾಲಿಗೆ ಒಳ್ಳೆಯದಾಯಿತು ಎಂದು ನಾನು ಅದನ್ನು ಹೊಗಳಲಾರೆ, ಬರೆದುಕೊಂಡೆ ಅಷ್ಟೆ.

ಗುರುಗಳು ಪೂರ್ತಿ ಕೇಳಿದರು. "ಮನಿ ಮಂದಿ ಕಾಳಜಿ ಮಾಡಿದ್ದ ತಪ್ಪು ಅಂತ ಬರೀತೀ?"

"ಇಲ್ರಿ ಸರ್. ಕಾಳಜಿ ಮಾಡಾವ್ರಿಗೆ ನಾವು ಹೇಳೇ ಇಲ್ಲ ಅಂತ ಬರೀತೀನಿ. ಎಡಗಾಲ ಆಪರೇಷನ್ ಮಾಡೂನು. ಈ ಸಲ ಸೊಸ್ತ್ಯಾರನ್ನ ವಾರ್ಡಿಗೆ ಕರಸ್ತೀನಿ."

ಅವರು ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡಿದರು. "ಇನ್ನೊಂದ ಕಾಲೂ ಹಿಂಗ ಬಂತಂದ್ರ ಹೋಗೂದು ನಿನ್ನ ಪ್ರಬಂಧ ಅಲ್ಲ ನೋಡವಾ. ಆಕಿ ಮತ್ತ ಏಳಂಗಿಲ್ಲ. ತಿಳೀತಿಲ್ಲ?"

ತಿಳಿದಿತ್ತು. ತಿಳಿದೇ ಹೂಂ ಎಂದೆ.

ದೀಪಾವಳಿ ಕಳೆದು ಎಡಗಾಲಿನ ಆಪರೇಷನ್ ಆಯಿತು. ಮತ್ತೆ ಹಿಮ್ಮಡಿ ಹಿಡಿದವಳು ನಾನೇ. ಅದೇ ಅರಿವಳಿಕೆಯಲ್ಲಿ ಗುರುಗಳು ಬಲಗಾಲನ್ನೂ, ಮೂಳೆಗೆ ಪೆಟ್ಟಾಗದಂತೆ, ಸ್ವಲ್ಪ ಸ್ವಲ್ಪವೇ ಒತ್ತುತ್ತ ಬಂದು, ಬಂದಷ್ಟು ನೇರಕ್ಕೆ ಹಿಂದಿನಿಂದ ಪ್ಲಾಸ್ಟರ್ ಪಟ್ಟಿ ಕೊಟ್ಟು ಕಟ್ಟಿದರು. ನ್ಯಾಯವಾಗಿ ಅದು ನನ್ನ ಹೆಮ್ಮೆಗೆ ಸೇರಿದ್ದಲ್ಲ, ಅವರ ಕೈಗೆ ಸೇರಿದ್ದು.

ಮೂವರು ಸೊಸೆಯಂದಿರು ವಾರ್ಡಿಗೆ ಬಂದರು, ಕೌದಿ ಸಮೇತ. ಹಿರೇಸೊಸೆ ಅದನ್ನು ಒಗೆದು ತಂದಿದ್ದಳು. ಹಿಮ್ಮಡಿಯ ಕೆಳಗೆ ಇಡುವುದನ್ನು ಒಬ್ಬೊಬ್ಬರ ಕೈಯಲ್ಲೂ ಮಾಡಿಸಿದೆ. ಮಂಚದಿಂದ ಏಳಿಸುವುದು, ವಾಕರ್ ಹಿಡಿಸುವುದು, ಹಿಮ್ಮಡಿ ಮೊದಲು ಊರಿ ಹೆಜ್ಜೆ ಇಡಿಸುವುದು ಕೂಡ. ಕಾಲು ಸರಿದಾರಿಯಲ್ಲಿದೆಯೇ ಎಂದು ಅವರಿಗೆ ಮನೆಯಲ್ಲಿ ತಿಳಿಯಬೇಕಲ್ಲ? ಗೋನಿಯೋಮೀಟರ್ ಕೊಟ್ಟು ಕಳಿಸುವಂತಿಲ್ಲ. ಹಲಗೆಯ ಮೇಲೆ ಕಾಲು ಚಾಚಿದಾಗ ಮೊಣಕಾಲಿನ ಕೆಳಗೆ ಕೈ ತೂರಿಸಿ ನೋಡಿ, ದಿನದಿನಕ್ಕೆ ಕಡಿಮೆ ಹೋಗಬೇಕು ಎಂದೆ.

ಹಿರೇಸೊಸೆ ಕೈ ತೂರಿಸಿದಳು. ಮಣಿಕಟ್ಟಿನವರೆಗೆ ಹೋಗಿ ನಿಂತಿತು. "ಬಳಿ ತಾಕಿದ್ವು. ಇವತ್ತ ಬಳೀ ತನ. ನಾಳಿ ಬೆರಳ ತನ ಬರಬೇಕು, ಹೌದಲ್ರಿ?"

"ಹೌದು."

"ಅತ್ತ್ಯಾರ, ಕೇಳಿದ್ರಿಲ್ಲ? ನನ್ನ ಬಳಿ ಒಡದ್ರ ನೀವ ಹೊಸಾವು ಇಡಸಬೇಕು."

"ಮೊದಲ ನನ್ನ ಕಾಲ ಉಳಸಬೇ," ಎಂದಳು ಅವ್ವ.

ಮನೆಗೆ ಹೋದ ಕೆಲವೇ ದಿನಕ್ಕೆ, ಒಂದು ಮಧ್ಯಾಹ್ನ, ಓಪಿಡಿ ನಡುವೆ ಹಿರೇಸೊಸೆಯ ಫೋನು ಬಂತು. ಹಿಂದೆ ಅವ್ವ ಅಳುವುದು ಕೇಳುತ್ತಿತ್ತು.

"ಡಾಕ್ಟರಬಾಯಿ, ಕೌದಿ ಮೊಳಕಾಲ ಬುಡಕ ಇಡು ಅಂತ ಅಳಾಕತ್ತಾರ್ರಿ. ನನಗ ನೋಡಾಕ ಆಗವಲ್ದು. ಒಂದ್ ತಾಸು ಇಡ್ಲೇನ್ರಿ?"

ಬೇಡ ಎನ್ನುವುದು ಸುಲಭ, ನಾನಿದ್ದದ್ದು ದೂರದಲ್ಲಿ. ನೋವಿನ ಮಾತ್ರೆ ಯಾವಾಗ ಕೊಟ್ಟಿರಿ ಎಂದು ಕೇಳಿದೆ. ಊಟದ ನಂತರ ಎಂದಳು, ಕೌದಿ ಇಟ್ಟದ್ದು ಊಟಕ್ಕೆ ಮೊದಲು. ಮಾತ್ರೆ ಮೊದಲು ಕೊಟ್ಟು, ಅದು ಹಿಡಿದ ಮೇಲೆ ಕೌದಿ ಇಡಿ, ಸ್ವಲ್ಪ ಹೊತ್ತು ಇಟ್ಟು ತೆಗೆದು ಮತ್ತೆ ಇಡಿ, ಮೊಣಕಾಲ ಕೆಳಗೆ ಮಾತ್ರ ಬೇಡವೇ ಬೇಡ ಎಂದೆ. ಆ ಕಡೆ ಅವ್ವನ ಅಳು ಇನ್ನೂ ಜೋರಾಯಿತು. ಸೋತೆ ಎಂದುಕೊಂಡೆ.

"ನಾ ಹಡದಾಗ ಹೊಟ್ಟಿ ಬಿಗದ ಕಟ್ಟತಿದ್ರು ಅತ್ತ್ಯಾರು," ಎಂದಳು ಹಿರೇಸೊಸೆ ಆಮೇಲೆ. "ಬ್ಯಾಡ ಬ್ಯಾಡ ಅಂತ ನಾ ಅತ್ರೂ ಬಿಡಲಿಲ್ಲ. ಅತ್ತರ ಅಳು, ಸೊಂಟ ಉಳೀತೈತಿ ಅಂತಿದ್ರು." ಫೋನಿನಿಂದ ಮುಖ ತಿರುಗಿಸಿ ಕೂಗಿದ್ದು ನನಗೂ ಕೇಳಿತು: "ಅಳ್ರಿ ಅತ್ತ್ಯಾರ! ಎಷ್ಟ ಅಳತೀರಿ ಅಳ್ರಿ! ಕೌದಿ ತೆಗಿಯಾಕಿ ಅಲ್ಲ ನಾ!"

ಹಿಂದಿನಿಂದ ಅವ್ವನ ದನಿ, ಅಳುವಿನ ನಡುವೆಯೇ: "ಸೇಡ ತೀರಸ್ಕೊಂಡಿ ಬಿಡವಾ!"

ಮುಂದಿನ ತಪಾಸಣೆಗೆ ಅವ್ವನ ಜೊತೆ ಮಗ ಬರಲಿಲ್ಲ, ಹಿರೇಸೊಸೆ ಬಂದಳು. ಅವ್ವ ವಾಕರ್ ಹಿಡಿದು ತಾನೇ ನಡೆದು ಬಂದಳು. ಮಲಗಿದ ಅವ್ವನ ಎಡ ಮೊಣಕಾಲಿನ ಕೆಳಗೆ, ಯಾರೂ ಕೇಳುವ ಮೊದಲೇ, ಹಿರೇಸೊಸೆ ಕೈ ತೂರಿಸಲು ಹೋದಳು. ಬೆರಳ ತುದಿ ಅಲ್ಲೇ ನಿಂತಿತು. ಗುರುಗಳು ಬಾಗಿ, ಒಂದು ಕಣ್ಣು ಮುಚ್ಚಿ ನೋಡಿದರು. ಗೋನಿಯೋಮೀಟರ್ ಇಟ್ಟರು. ಸೊನ್ನೆ. ಬಲಗಾಲಿನ ಕೆಳಗೆ ಎರಡು ಬೆರಳು ಹೋಗುತ್ತಿದ್ದವು. ಮೊದಲು ಮುಷ್ಟಿ ಹೋಗುತ್ತಿದ್ದ ಜಾಗ.

ಗುರುಗಳು ನೆಟ್ಟಗಾಗಿ ಕನ್ನಡಕ ಒರೆಸಿಕೊಂಡರು. "ಬರಿ," ಎಂದರು ನನಗೆ. "ನಿನ್ನ ಬಾಣಂತನಾನ ಬರಿ."

ಬರೆದೆ. ಆ ಮುಂದೆ ಆಪರೇಷನ್ ಆದವರ ಮನೆಯ ಹೆಣ್ಣುಮಕ್ಕಳನ್ನು ಡಿಸ್ಚಾರ್ಜಿಗೆ ಮೊದಲು ವಾರ್ಡಿಗೆ ಕರೆಸುವ ಪದ್ಧತಿ ಬಂತು. ನರ್ಸುಗಳು ಅದಕ್ಕೆ ಕೌದಿ ಪಾಠ ಎಂದು ಹೆಸರಿಟ್ಟರು. ಇಂಗ್ಲಿಷ್ ಪ್ರಬಂಧದಲ್ಲಿ ಆ ಅಂಶವನ್ನು ಉದ್ದನೆಯ ಗೌರವಸ್ಥ ಪದಗಳಲ್ಲಿ ಬರೆಯಬಹುದಿತ್ತು. ನಾನು ಬಾಣಂತನ ಎಂದೇ ಬರೆದು, ಕೆಳಗೆ ಅರ್ಥ ಕೊಟ್ಟೆ. ಮುಂದೆ ಪರೀಕ್ಷೆಗೆ ಹೊರಗಿನಿಂದ ಬಂದವರು ಆ ಪುಟಕ್ಕೆ ಬೆರಳಿಟ್ಟು ಇದೇನು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಗುರುಗಳು, "ಅದಕ್ಕೆ ಬೇರೆ ಪದ ಇಲ್ಲ" ಎಂದರು. ಅವರು ನನ್ನ ಪರವಾಗಿ ಆಡಿದ ಆ ಒಂದು ವಾಕ್ಯವನ್ನು ನಾನು ಎಂದೂ ಮಾರ್ಪಡಿಸಿಲ್ಲ. ಮಾರ್ಪಡಿಸಿಲ್ಲ ಎಂದು ನಂಬಿದ್ದೇನೆ.

ಆದರೆ ನನಗೆ ನಿಜವಾದ ಪರೀಕ್ಷೆ ಅದಕ್ಕೆ ಮೊದಲೇ, ಏಪ್ರಿಲ್‌ನಲ್ಲಿ ಆಗಿತ್ತು. ಕಾಗವಾಡದಿಂದ ಫೋನು ಬಂತು, ಚಾಟ್ನಿ ಇದೆ, ಬರಬೇಕು ಎಂದು. ಹೋದೆ. ತಂತಿಯ ಹಂದರದ ಕೆಳಗೆ ಸಾಲಿಗೊಬ್ಬರಂತೆ ಆಳುಗಳು ಕತ್ತರಿ ಆಡಿಸುತ್ತಿದ್ದರು. ಕತ್ತರಿಸಿ ಬಿದ್ದ ಬಳ್ಳಿಗಳು ಕಾಲಿಗೆ ತೊಡರುತ್ತಿದ್ದವು, ಉತ್ತ ಮಣ್ಣಿನಲ್ಲಿ ಹೆಜ್ಜೆ ಹೂತುಹೋಗುತ್ತಿತ್ತು. ಅವ್ವ ಒಂದು ಕೋಲು ಹಿಡಿದು ನನ್ನ ಮುಂದೆ ನಡೆಯುತ್ತಿದ್ದಳು. ಹಿಮ್ಮಡಿ ಮೊದಲು ಊರಿ.

"ಒಂದ ಕಣ್ಣ ಬಿಟ್ಟ ಕೊಯ್ಯೋ ಅಂದೇನಿ! ಬುಡಾನ ಕೊಯ್ಯಾಕತ್ತಾನ ನೋಡ. ಏಯ್, ನಿನಗಲೇ!"

"ಆತ್ಬೇ ಆತ್ಬೇ," ಎಂದ ಆಳು. ಬಳ್ಳಿಯ ಮೊಗ್ಗನ್ನು ಅಲ್ಲಿ ಕಣ್ಣು ಎನ್ನುತ್ತಾರೆ. ಅವನು ನನ್ನ ಕಡೆ ತಿರುಗಿ ದನಿ ಇಳಿಸಿದ, "ಖುರ್ಚಿ ಮ್ಯಾಲ ಇದ್ದಾಗ ಚಲೋ ಇತ್ರಿ. ನೀವ ಮಾಡಿದ್ದಲ್ರಿ ಇದು?"

"ನಾನೊಬ್ಬಳೇ ಅಲ್ಲ," ಎಂದೆ. ಮುಂದಿನ ಸಾಲಿನಲ್ಲಿದ್ದ ಹಿರೇಸೊಸೆ ಕತ್ತರಿ ಎತ್ತಿ ನಕ್ಕಳು. ಕೈಯಲ್ಲಿ ಹೊಸ ಬಳೆ.

ಮೂರನೆಯ ಸಾಲಿನ ಹೊತ್ತಿಗೆ ನಾನು ಹಿಂದೆ ಬಿದ್ದೆ. ಆಸ್ಪತ್ರೆಯ ನುಣುಪು ನೆಲಕ್ಕೆ ಒಗ್ಗಿದ ಕಾಲು, ಬಿಸಿಲು ಬೇರೆ. ಅವ್ವ ತಿರುಗಿ ನೋಡಿ, ಕೋಲಿನಿಂದ ದಂಡೆಯ ಕಡೆ ತೋರಿಸಿದಳು.

"ದಣದೀರಿ ಡಾಕ್ಟರಬಾಯಿ. ಅಲ್ಲಿ ಖುರ್ಚಿ ಐತಿ, ಹೋಗಿ ಕುಂದರ್ರಿ."

ಹೋಗಿ ಕುಳಿತೆ. ಅಲ್ಲಿಂದ ಅವ್ವ ಕಾಣುತ್ತಿರಲಿಲ್ಲ, ಹಂದರ ಅಡ್ಡವಿತ್ತು. ಒದರುವುದು ಮಾತ್ರ ಕೇಳುತ್ತಿತ್ತು, ಒಮ್ಮೆ ಈ ಸಾಲಿನಿಂದ, ಒಮ್ಮೆ ಆ ಸಾಲಿನಿಂದ.